ಸಣ್ಣ ಉದ್ಯಮದವರು ಹೊಸದನ್ನು ಮಾಡುವುದು ಲಾಭಕ್ಕೋ, ಹವ್ಯಾಸಕ್ಕೋ? ಸಾಲ ಸಿಕ್ಕರೆ ಹೆಚ್ಚು ಮಾಡುತ್ತಾರಾ?

ಶಿರಸಿ ಕಡೆ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರ ಮಾಡುವುದು, ರಿಪೇರಿ ಮಾಡುವುದು ಹೊಟ್ಟೆಪಾಡು. ನಾನು ಕಂಡಂತೆ ನಮ್ಮಲ್ಲಿ ಹೊಸದೆಲ್ಲ ಶುರುವಾಗಿದ್ದು ಆಳು ಸಿಗದೆ.

ಹಸಿ ಅಡಿಕೆ ಕೊಯ್ದ ಮೇಲೆ ಕಾಯುವುದಿಲ್ಲ. ಕೆಂಪಡಿಕೆ ಮಾಡುವವರು ಬೇಗ ಸುಲಿದು, ಬೇಯಿಸಿ, ಒಣಗಿಸಬೇಕು. ಮೊದಲು ಊರಿನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ತನಕ ಸುಲಿಯುತ್ತಿದ್ದರು. ಆ ಮನೆಗಳ ಮಕ್ಕಳು ಬೆಂಗಳೂರು ಸೇರಿದರು, ಸುಲಿಯಲು ಬರುವವರು ಕಡಿಮೆಯಾದರು. ಆಮೇಲೆ ಬೆಳೆಗಾರರೇ ಮುಂಗಡ ಹಿಡಿದುಕೊಂಡು ಶಾಪಿಗೆ ಬರತೊಡಗಿದರು.

ಮರ ಹತ್ತುವುದರದ್ದೂ ಇದೇ ಕಥೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕಾದ್ದು ಮಳೆಗಾಲದಲ್ಲಿ, ಮರ ಜಾರುವ ಹೊತ್ತಿಗೇ. ಮರ ಹತ್ತಿ ಮದ್ದು ಹೊಡೆಯುವ, ಗೊನೆ ಕೊಯ್ಯುವ ಕೊನೆಗೌಡರ ಮಕ್ಕಳು ಆ ಕೆಲಸಕ್ಕೆ ಬರುವುದಿಲ್ಲ. ಬನ್ನಿ ಅನ್ನಲು ನನಗೂ ಬಾಯಿ ಬರುವುದಿಲ್ಲ. ಹಾಗಾಗಿ ನೆಲದಲ್ಲಿ ನಿಂತೇ ಹೊಡೆಯುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂತು. ಬಂಟ್ವಾಳ ಕಡೆಯ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿದರು. 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಸುತ್ತಿತು. ಅವರೂ ಅಡಿಕೆ ಬೆಳೆಗಾರರೇ.

ಶುರು ಮಾಡಿಸುವುದು ಆಳಿನ ಕೊರತೆಯಾದರೆ, ಯಂತ್ರವನ್ನು ತಿದ್ದಿಸುವುದು ಗಿರಾಕಿಯ ಬೈಗುಳ. ಒಂದೇ ಗೊನೆಯಲ್ಲೂ ಕಾಯಿಗಳೆಲ್ಲ ಒಂದೇ ಗಾತ್ರ ಇರುವುದಿಲ್ಲ. ಬ್ಲೇಡು ಬಿಗಿ ಮಾಡಿದರೆ ಅಡಿಕೆಗೆ ಗಾಯ, ಸಡಿಲ ಬಿಟ್ಟರೆ ಸಿಪ್ಪೆ ಉಳಿಯುತ್ತದೆ. ಗಾಯವಾದ ಅಡಿಕೆಗೆ ಮಾರುಕಟ್ಟೆಯ ಟೆಂಡರಿನಲ್ಲಿ ದರ ಇಳಿಯುತ್ತದಲ್ಲ, ಸಂಜೆಯೇ ಅದನ್ನು ಚೀಲದಲ್ಲಿ ತಂದು ಮುಂದೆ ಸುರಿಯುತ್ತಾರೆ. ದೊಡ್ಡ ಕಂಪನಿಯಾದರೆ ಆ ದೂರು ಡಿಸೈನ್ ಮಾಡಿದವನನ್ನು ಮುಟ್ಟುವ ಹೊತ್ತಿಗೆ ಕೊಯ್ಲೇ ಮುಗಿದಿರುತ್ತದೆ. ಇಲ್ಲಿ ಡಿಸೈನ್ ಮಾಡಿದವನೇ ವೆಲ್ಡಿಂಗ್ ಕನ್ನಡಕ ತೆಗೆದು ಬೈಸಿಕೊಳ್ಳುತ್ತಾನೆ. ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೂರಿಸಿ, ಕಾಯಿ ದಪ್ಪ ಇದ್ದಷ್ಟು ಅದು ಹಿಂದೆ ಸರಿಯುವ ಹಾಗೆ ಮಾಡಿದ್ದು ಅಂಥ ಒಂದು ಬೈಗುಳದ ಮಾರನೇ ದಿನ.

ನಕಲೂ ಒಂದು ಕಾರಣವೇ. ನಾನು ಮಾಡಿದ ಬದಲಾವಣೆ ಮುಂದಿನ ಸೀಸನ್ನಿಗೆ ಪಕ್ಕದೂರಿನ ಯಂತ್ರದಲ್ಲೂ ಇರುತ್ತದೆ. ಪೇಟೆಂಟ್ ಅಂತ ಓಡಾಡಲು ದುಡ್ಡೂ ಇಲ್ಲ, ಪುರಸೊತ್ತೂ ಇಲ್ಲ. (ನಾನೂ ಅವರದ್ದನ್ನು ಬಿಚ್ಚಿ ನೋಡುತ್ತೇನೆ, ಅದು ಬೇರೆ ಮಾತು.) ಗಿರಾಕಿ ಕೈತಪ್ಪಬಾರದು ಅಂದರೆ ಮತ್ತೇನಾದರೂ ಬದಲಿಸಲೇಬೇಕು.

ಸಾಲದ ವಿಷಯ: ಲೇತ್ ಕೊಳ್ಳಲು ಬ್ಯಾಂಕ್ ಸಾಲ ನೆರವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಮಾಡಿ ನೋಡಿ ಕೆಡಿಸುವ ಕಬ್ಬಿಣಕ್ಕೆ ಯಾರೂ ಸಾಲ ಕೊಡುವುದಿಲ್ಲ. ಅದಕ್ಕೇ ಹೊಸದೇನಿದ್ದರೂ ನಾನು ಸೀಸನ್ ಮುಗಿದ ಮೇಲೆ ಗುಜರಿ ಸಾಮಾನಿನಲ್ಲೇ ಮೊದಲು ಮಾಡಿ ನೋಡುವುದು.