ಆರನೇ ಸಾಲಿಗೆ ಇಳಿದ ಭರತನಾಟ್ಯ

ಪ್ರಶ್ನೆ: ನಾವು ಮೈಸೂರಿನವರು, ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಒಬ್ಬಳೇ ಮಗಳು ಈಗ ಹನ್ನೆರಡನೇ ತರಗತಿಯಲ್ಲಿದ್ದಾಳೆ. ಆರು ವರ್ಷದವಳಿದ್ದಾಗಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಆಗಸ್ಟ್‌ನಲ್ಲಿ ಆಗಬೇಕಿದ್ದ ರಂಗಪ್ರವೇಶ, ಗುರುಗಳ ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರದ ಶನಿವಾರಕ್ಕೆ ಹೋಗಿದೆ. ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿದೆ, ಅತ್ತೆಯವರು ಊರಿಂದ ಟಿಕೆಟ್ ಮಾಡಿಸಿದ್ದಾರೆ. ಮಗಳೋ ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ತಂಡದ ನಾಯಕಿ. ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯ, ಶನಿವಾರ ಸ್ಪರ್ಧೆ. ನಮ್ಮ ಯಜಮಾನರಿಗೆ ಪೂರ್ವ ಕರಾವಳಿಯ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅವಳಿಂದ ಅರ್ಲಿ ಡಿಸಿಷನ್ ಎಂಬ, ಉಳಿದವರಿಗಿಂತ ಮೊದಲೇ ಹಾಕುವ ಅರ್ಜಿ ಹಾಕಿಸುವ ಆಸೆ. ಕಳೆದ ವಾರ, ಅನೇಕ ಕಾಲೇಜುಗಳಿಗೆ ಒಟ್ಟಿಗೆ ಬಳಸುವ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಅವಳು ತುಂಬಿದ್ದ ಚಟುವಟಿಕೆಗಳ ಪಟ್ಟಿ ನೋಡಿದೆ. ಬ್ಯಾಂಡ್ ಮೊದಲನೆಯ ಸಾಲಿನಲ್ಲಿ, ಹನ್ನೊಂದು ವರ್ಷದ ನೃತ್ಯ ಆರನೆಯ ಸಾಲಿನಲ್ಲಿ! ಕೇಳಿದ್ದಕ್ಕೆ ರಾತ್ರಿ ಒಂದು ಗಂಟೆಯಲ್ಲಿ, "ನನಗೆ ಯಾವುದೂ ಬೇಡ, ರಂಗಪ್ರವೇಶ ಜೂನ್ ಆದ ಮೇಲೆ ಮಾಡೋಣ" ಎಂದು ಅತ್ತಳು. ಬ್ಯಾಂಡ್ ಬಿಡಿಸಲೇ? ಅವಳನ್ನು ಹೇಗೆ ಒಪ್ಪಿಸಲಿ?
- ಹೆಸರು ಬೇಡ

ಉತ್ತರ: ಬ್ಯಾಂಡ್ ಬಿಡಿಸಬೇಡಿ, ರಂಗಪ್ರವೇಶವನ್ನು ಮುಂದಕ್ಕೆ ಹಾಕಿ. ನೀವು ಕೇಳಿದ್ದಕ್ಕೆ ಇದು ತದ್ವಿರುದ್ಧವಾದ ಉತ್ತರವೆಂದು ಬಲ್ಲೆ. ಆದರೂ ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಟ್ಟು ಕಾರಣಗಳನ್ನು ಆಮೇಲೆ ಬಿಡಿಸುವುದು ಮೇಲೆಂದು ತೋರಿತು.

ನೀವು ಬೆಳೆದ ಮೈಸೂರಿನಲ್ಲಿ ಮಕ್ಕಳು ದ್ವಿತೀಯ ಪಿಯುಸಿಗೆ ಬಂದರೆಂದರೆ ಟಿವಿಯ ಕೇಬಲ್ ಕಳಚುತ್ತಿದ್ದರು, ಸಂಗೀತದ ಪಾಠ ನಿಲ್ಲುತ್ತಿತ್ತು, ಹತ್ತಿರದವರ ಮದುವೆಗೂ ಅವರನ್ನು ಕರೆದೊಯ್ಯುತ್ತಿರಲಿಲ್ಲ. ಬೋರ್ಡಿನ ಅಂಕ ಮತ್ತು ಸಿಇಟಿ ರ‍್ಯಾಂಕ್ ಸೀಟನ್ನು ನಿರ್ಧರಿಸುತ್ತಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವೂ ಇತ್ತು. "ಬ್ಯಾಂಡ್ ಬಿಡಿಸಲೇ" ಎಂಬ ನಿಮ್ಮ ಮಾತಿನಲ್ಲಿ ಆ ಪಿಯುಸಿ ವರ್ಷದ ಅಭ್ಯಾಸವೇ ಕೇಳಿಸುತ್ತದೆ. ನಿಮ್ಮ ಮಗಳ ಮುಂದಿರುವ ಅರ್ಜಿಯಾದರೋ ಪ್ರತಿಯೊಂದು ಚಟುವಟಿಕೆಯ ಎದುರಿಗೂ ಯಾವ ಯಾವ ತರಗತಿಯಲ್ಲಿ ಮಾಡಿದೆ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕೇಳುತ್ತದೆ. ಹನ್ನೆರಡನೆಯ ತರಗತಿಯೂ ಅದರಲ್ಲಿ ಸೇರಿದೆ. ಮೇಲಾಗಿ ಅಲ್ಲಿನ ಬಹಳಷ್ಟು ಶಾಲೆಗಳಲ್ಲಿ ಬ್ಯಾಂಡ್ ಎಂಬುದು ಟೈಮ್‌ಟೇಬಲ್ಲಿನಲ್ಲಿರುವ ಒಂದು ತರಗತಿಯೂ ಹೌದು. ಅವಳಿಗಿಂತ ಚಿಕ್ಕ ಮಕ್ಕಳನ್ನು ಸಾಲಿನಲ್ಲಿ ನಡೆಸುತ್ತಿರುವ ನಾಯಕಿ ಅಕ್ಟೋಬರಿನಲ್ಲಿ ಕೈಬಿಟ್ಟು ಹೋದರೆ ಅದರ ಪೆಟ್ಟು ಇಡೀ ತಂಡಕ್ಕೆ ಬೀಳುತ್ತದೆ. ಆ ಋತುವಾದರೂ ಎಷ್ಟು ದಿನದ್ದು? ನವೆಂಬರಿನಲ್ಲಿ ತಾನಾಗಿಯೇ ಮುಗಿಯುತ್ತದೆ.

ಇನ್ನು ರಂಗಪ್ರವೇಶದ ವಿಷಯ. ಅದನ್ನು ಈ ನವೆಂಬರಿನಲ್ಲೇ ಮುಗಿಸಬೇಕೆಂಬ ಅವಸರ ಯಾರದು ಎಂದು ನಿಮ್ಮನ್ನು ನೀವೇ ಒಮ್ಮೆ ಕೇಳಿಕೊಳ್ಳಿ. ಕಾಲೇಜಿನದಂತೂ ಅಲ್ಲ. ಅರ್ಲಿ ಡಿಸಿಷನ್ ಅರ್ಜಿಗೆ ಹೆಚ್ಚಿನ ಕಡೆ ನವೆಂಬರ್ 1 ಕೊನೆಯ ದಿನ. (ಹನ್ನೆರಡನೇ ತರಗತಿಯ ಮಕ್ಕಳಿರುವ ಅಮೆರಿಕದ ಕನ್ನಡ ಮನೆಗಳಲ್ಲಿ ಆ ದಿನ ರಾಜ್ಯೋತ್ಸವವೆಂಬುದು ಎಷ್ಟು ಜನಕ್ಕೆ ನೆನಪಿರುತ್ತದೋ ಕಾಣೆ.) ನಿಮ್ಮ ರಾಜ್ಯದ್ದೇ ಆದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಅವಳು ಅರ್ಜಿ ಹಾಕುವುದಾದರೆ, ಅದರ ಒಂಬತ್ತು ಕ್ಯಾಂಪಸ್‌ಗಳಿಗೆ ಸೇರಿ ಇರುವ ಒಂದೇ ಅರ್ಜಿಯ ಗಡುವು ನವೆಂಬರ್ ಕೊನೆಯ ಹೊತ್ತಿಗೆ, ಅಂದರೆ ಹೆಚ್ಚುಕಡಿಮೆ ನಿಮ್ಮ ಕಾರ್ಯಕ್ರಮದ ಮಗ್ಗುಲಿಗೇ ಬರುತ್ತದೆ. ಮೊದಲನೆಯ ಅರ್ಜಿ ಹೋಗಿ ನಾಲ್ಕು ವಾರ ಕಳೆದ ಮೇಲೆ, ಎರಡನೆಯದು ಹೋಗುವ ಗಡಿಬಿಡಿಯ ನಡುವೆ ನಡೆಯುವ ರಂಗಪ್ರವೇಶದಿಂದ ಆ ಎರಡರಲ್ಲಿ ಯಾವ ಅರ್ಜಿಗೂ ಒಂದು ಗೆರೆಯಷ್ಟು ತೂಕ ಕೂಡುವುದಿಲ್ಲ. ಹನ್ನೊಂದು ವರ್ಷದ ಕಲಿಕೆ ಈಗಾಗಲೇ ಪಟ್ಟಿಯಲ್ಲಿದೆ. ಹಾಗಾದರೆ ಉಳಿದದ್ದು ಸಭಾಂಗಣದ ಮುಂಗಡ ಮತ್ತು ಅತ್ತೆಯವರ ಟಿಕೆಟ್. ಇವೆರಡೂ ಹಗುರವಾದ ವಿಷಯಗಳೆಂದು ನಾನು ಹೇಳುತ್ತಿಲ್ಲ. ಆದರೆ ಮಗಳ ನಿದ್ದೆಯ ಎದುರು ತೂಗಿ ನೋಡಬೇಕಾದದ್ದು ಇವುಗಳನ್ನೇ ಹೊರತು ಅವಳ ಭವಿಷ್ಯವನ್ನಲ್ಲ.

ನಿದ್ದೆಯ ಮಾತು ಸುಮ್ಮನೆ ಎತ್ತಲಿಲ್ಲ. ಒಂದು ಹಾಳೆ ತೆಗೆದುಕೊಂಡು ಅವಳ ಒಂದು ವಾರವನ್ನು ಗಂಟೆಗಳಲ್ಲಿ ಬರೆದು ನೋಡಿ. ಶಾಲೆ, ಮನೆಪಾಠ, ಬ್ಯಾಂಡಿನ ಅಭ್ಯಾಸ, ಶುಕ್ರವಾರದ ಪಂದ್ಯ, ಶನಿವಾರದ ಸ್ಪರ್ಧೆ. ಅದರ ಮೇಲೆ ಕಾಮನ್ ಆ್ಯಪ್‌ನ 650 ಪದಗಳ ಪ್ರಬಂಧ, ಕ್ಯಾಲಿಫೋರ್ನಿಯಾದ ಅರ್ಜಿಗೆ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ತಲಾ 350 ಪದ ಮೀರದಂತೆ ಉತ್ತರ, ಖಾಸಗಿ ವಿಶ್ವವಿದ್ಯಾಲಯ ಬೇರೆಯಾಗಿ ಕೇಳುವ ಪ್ರಬಂಧಗಳು, ಮೇಷ್ಟರುಗಳ ಬೆನ್ನುಹತ್ತಿ ತರಿಸಬೇಕಾದ ಶಿಫಾರಸು ಪತ್ರಗಳು. ಇವೆಲ್ಲ ಮುಗಿದ ಮೇಲೆ ಅಲಾರಿಪುವಿನಿಂದ ತಿಲ್ಲಾನದವರೆಗೆ ಇಡೀ ಮಾರ್ಗದ, ಅಂದರೆ ಕಾರ್ಯಕ್ರಮದ ನೃತ್ಯಗಳ ಪೂರ್ಣ ಸರಣಿಯ, ತಾಲೀಮು. ಅದರಲ್ಲಿ ವರ್ಣವೆಂಬ ನೃತ್ಯವೊಂದೇ ಅರ್ಧ ಗಂಟೆ ಮೀರುವಂಥದ್ದು, ಒಂದು ದಿನ ಬಿಟ್ಟರೂ ಕಾಲು ಭಾರವಾಗುವಂಥದ್ದು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ನಿಮ್ಮ ಹಾಳೆಯಲ್ಲಿ ಅದಕ್ಕೆ ಎಷ್ಟು ಜಾಗ ಉಳಿದಿದೆ ಎಂಬುದನ್ನು ನಿಮ್ಮ ಯಜಮಾನರಿಗೂ ತೋರಿಸಿ. ರಾತ್ರಿ ಒಂದು ಗಂಟೆಗೆ ಅಳುವ ಹುಡುಗಿ ದಣಿದಿದ್ದಾಳೆ ಎಂದೇ ಸದ್ಯಕ್ಕೆ ಎಣಿಸೋಣ. ಆದರೆ ಹೊರೆ ಇಳಿಸಿದ ಮೇಲೂ ಎರಡು ವಾರ ಊಟ ಸೇರದೆ, ಗೆಳತಿಯರೊಂದಿಗೂ ಮಾತಿಲ್ಲದೆ ಕೂತರೆ ತಡಮಾಡದೆ ವೈದ್ಯರ ಬಳಿಗೆ, ಶಾಲೆಯ ಕೌನ್ಸೆಲರ್ ಬಳಿಗೆ ಕರೆದೊಯ್ಯಿರಿ.

ನಿಮಗೆ ನಿಜವಾಗಿ ನೋವಾಗಿರುವುದು ಆ ಆರನೇ ಸಾಲಿನಿಂದ ಎಂದು ನನ್ನ ಊಹೆ. ಹನ್ನೊಂದು ವರ್ಷ ವಾರವಾರವೂ ಕಾರಿನಲ್ಲಿ ಕರೆದೊಯ್ದು, ಗೆಜ್ಜೆಯ ಚರ್ಮದ ಪಟ್ಟಿ ಹೊಲಿಸಿ, ಊರಿಗೆ ಹೋದಾಗಲೆಲ್ಲ ನೃತ್ಯದ ಉಡುಪಿಗೆ ಅಳತೆ ಕೊಡಿಸಿದ ತಾಯಿಗೆ ಅದು ಚುಚ್ಚದೆ ಇರಲಾರದು. ಆದರೆ ಆ ಪಟ್ಟಿಯನ್ನು ಹೇಗೆ ತುಂಬಬೇಕೆಂಬ ಸೂಚನೆಯನ್ನು ಒಮ್ಮೆ ಓದಿ. ಹತ್ತು ಚಟುವಟಿಕೆಗಳವರೆಗೆ ಬರೆಯಬಹುದು, ನಿನಗೆ ಯಾವುದು ಎಷ್ಟು ಮುಖ್ಯವೋ ಆ ಅನುಕ್ರಮದಲ್ಲಿ ಬರೆ ಎನ್ನುತ್ತದೆ ಅದು. ಎಷ್ಟು ವರ್ಷ ಕಲಿತೆ, ಎಷ್ಟು ಖರ್ಚಾಯಿತು ಎಂಬ ಅನುಕ್ರಮವಲ್ಲ. ಹದಿನೇಳರ ಹುಡುಗಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದಾಳೆ. ಬ್ಯಾಂಡನ್ನು ಅವಳು ತಾನೇ ಆರಿಸಿಕೊಂಡಳು, ನೃತ್ಯವನ್ನು ಆರನೆಯ ವಯಸ್ಸಿನಲ್ಲಿ ನೀವು ಆರಿಸಿಕೊಟ್ಟಿರಿ. ಇದರಿಂದ ನೃತ್ಯ ಅವಳಿಗೆ ಬೇಡವಾಗಿದೆ ಎಂದು ತೀರ್ಮಾನಿಸಬೇಡಿ. "ಮಾಡುವುದೇ ಇಲ್ಲ" ಎಂದು ಅವಳು ಹೇಳಲಿಲ್ಲ, "ಜೂನ್ ಆದ ಮೇಲೆ ಮಾಡೋಣ" ಎಂದಳು. ಅಳುತ್ತಿದ್ದ ಹೊತ್ತಿನಲ್ಲೂ ಅವಳು ದಿನ ಹುಡುಕಿಕೊಟ್ಟಿದ್ದಾಳೆ.

ಆ ಸಾಲುಗಳನ್ನು ಮೇಲೆ ಕೆಳಗೆ ಮಾಡಲು ದಯವಿಟ್ಟು ಕೈಹಾಕಬೇಡಿ. ನೀವು ಮಾಡಬಹುದಾದ ಸಹಾಯ ಒಂದಿದೆ. ಪ್ರತಿ ಚಟುವಟಿಕೆಯ ವಿವರಣೆಗೆ ಅಲ್ಲಿ ಕೊಡುವುದು 150 ಅಕ್ಷರಗಳ ಜಾಗ. ಪದಗಳಲ್ಲ, ಅಕ್ಷರಗಳು, ನಡುವಿನ ತೆರಪೂ ಸೇರಿ. ಯಾವ ವರ್ಷ ಯಾವ ಊರಿನ ಕಾರ್ಯಕ್ರಮದಲ್ಲಿ ಕುಣಿದಳು, ಚಿಕ್ಕ ಮಕ್ಕಳಿಗೆ ಅಡವುಗಳನ್ನು, ಅಂದರೆ ಮೂಲ ಹೆಜ್ಜೆಗಳನ್ನು, ಹೇಳಿಕೊಡಲು ಗುರುಗಳು ಅವಳನ್ನು ಯಾವಾಗ ಕೂರಿಸಿದರು ಎಂಬಂಥ ವಿವರಗಳು ಮಕ್ಕಳಿಗಿಂತ ತಾಯಂದಿರಿಗೇ ಚೆನ್ನಾಗಿ ನೆನಪಿರುತ್ತವೆ. ಅವನ್ನೊಂದು ಚೀಟಿಯಲ್ಲಿ ಬರೆದು ಅವಳ ಮೇಜಿನ ಮೇಲಿಡಿ. ಅದರಲ್ಲಿ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬುದು ಅವಳಿಗೆ ಸೇರಿದ್ದು.

ನಿಮ್ಮ ಯಜಮಾನರ ಆಸೆಯ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ, ಆದರೆ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಅದೇ. ಅರ್ಲಿ ಡಿಸಿಷನ್ ಎಂದರೆ ಬೇಗ ಹಾಕುವ ಅರ್ಜಿಯಷ್ಟೇ ಅಲ್ಲ, ಸೀಟು ಸಿಕ್ಕರೆ ಬೇರೆಲ್ಲ ಅರ್ಜಿಗಳನ್ನೂ ಹಿಂತೆಗೆದುಕೊಂಡು ಅಲ್ಲಿಗೇ ಸೇರುತ್ತೇವೆಂಬ ಒಪ್ಪಂದ. ವಿದ್ಯಾರ್ಥಿ, ತಂದೆ ಅಥವಾ ತಾಯಿ, ಶಾಲೆಯ ಕೌನ್ಸೆಲರ್ ಮೂವರೂ ಅದಕ್ಕೆ ಸಹಿ ಹಾಕಬೇಕು. ಕಾಲೇಜು ಕೊಟ್ಟ ಹಣದ ನೆರವು ಸಾಲದೆ ನಿಜಕ್ಕೂ ಕಟ್ಟಲಾಗದಿದ್ದರೆ ಬಿಡುಗಡೆ ಕೇಳಲು ದಾರಿಯಿದೆ. ಆದರೆ ನಾಲ್ಕು ಕಾಲೇಜುಗಳ ನೆರವಿನ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಅವಕಾಶವನ್ನು ಮೊದಲೇ ಬಿಟ್ಟುಕೊಟ್ಟಂತಾಗುತ್ತದೆ. ಅಂಥ ಅನೇಕ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ ವಸತಿ ಸೇರಿ ವರ್ಷದ ಪೂರ್ಣ ವೆಚ್ಚ 80,000 ಡಾಲರಿಗೂ ಮೇಲಿದೆ. ನಿಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ನಿವಾಸಿಗಳಿಗೆ ಸುಮಾರು ಅದರ ಅರ್ಧದಷ್ಟಾದೀತು. ಆ ವಿಶ್ವವಿದ್ಯಾಲಯದ ಜಾಲತಾಣದಲ್ಲೇ ನಿಮ್ಮ ಆದಾಯದ ವಿವರ ಕೊಟ್ಟು ಅಂದಾಜು ವೆಚ್ಚ ತಿಳಿಯುವ ಲೆಕ್ಕಪಟ್ಟಿ ಇರುತ್ತದೆ. ಅದನ್ನು ತುಂಬಿ, ಬಂದ ಮೊತ್ತವನ್ನು ನಾಲ್ಕರಿಂದ ಗುಣಿಸಿ, ಮೂವರೂ ಊಟದ ಮೇಜಿನ ಮುಂದೆ ಕೂತು ನೋಡಿ. ಆ ಮೊತ್ತಕ್ಕೆ ನೀವು ಸಿದ್ಧರಿದ್ದು, ಅದಕ್ಕಿಂತ ಮೊದಲಾಗಿ ಮಗಳಿಗೆ ಅದೇ ಕಾಲೇಜು ಬೇಕಿದ್ದರೆ ಸಹಿ ಹಾಕಿ. ಅವಳಿಗೆ ಬೇಡದ ಕಾಲೇಜಿನ ಒಪ್ಪಂದಕ್ಕೆ ಅವಳ ಸಹಿ ಕೇಳುವುದು ಸರಿಯಲ್ಲ. ಬೇಡವೆಂದಾದರೆ ಸಾಮಾನ್ಯ ಸುತ್ತಿನ ಅರ್ಜಿಗೆ ಜನವರಿಯ ಆರಂಭದವರೆಗೆ ಸಮಯವಿರುತ್ತದೆ, ನವೆಂಬರ್ 1ರ ಗಡುವೇ ಮನೆಯಿಂದ ಹೊರಟುಹೋಗುತ್ತದೆ.

ದಿನ ಬದಲಿಸುವ ಕೆಲಸ ನೀವು ಭಯಪಟ್ಟಷ್ಟು ಕಷ್ಟವಾಗಲಾರದು. ಮೊದಲು ಗುರುಗಳ ಬಳಿ ನೀವೇ ಹೋಗಿ. ಮಂಡಿಯ ಶಸ್ತ್ರಚಿಕಿತ್ಸೆಯಾದ ಅವರಿಗೂ ನವೆಂಬರಿನ ತನಕ ಒಬ್ಬ ಶಿಷ್ಯೆಯನ್ನು ಪೂರ್ತಿ ಮಾರ್ಗಕ್ಕೆ ಅಣಿಗೊಳಿಸುವುದು ಸುಲಭವಿಲ್ಲ, ಮುಂದಕ್ಕೆ ಹೋದರೆ ಒಳಗೊಳಗೇ ನಿಟ್ಟುಸಿರು ಬಿಟ್ಟಾರು. ಭಾರತದಿಂದ ಬರುವ ಹಿಮ್ಮೇಳದ ಕಲಾವಿದರು ಅಮೆರಿಕಕ್ಕೆ ಹೆಚ್ಚಾಗಿ ಬರುವುದೂ ಬೇಸಿಗೆಯಲ್ಲೇ. ಬರ್ಕ್ಲಿ, ಮರ್ಸೆಡ್ ಬಿಟ್ಟರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉಳಿದ ಕ್ಯಾಂಪಸ್‌ಗಳಲ್ಲಿ ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಆ ಎರಡಕ್ಕೆ ಆಗಸ್ಟ್. ಹಾಗಾಗಿ ಜುಲೈ ತಿಂಗಳ ಒಂದು ಶನಿವಾರವನ್ನು ಈಗಲೇ ಕಾದಿರಿಸಿದರೆ ಮಗಳು ಯಾವ ಊರಿಗೆ ಹೊರಟರೂ ತೊಂದರೆಯಾಗುವುದಿಲ್ಲ. ಮುಂಗಡವನ್ನು ಹೊಸ ದಿನಕ್ಕೆ ಹೊಂದಿಸಿಕೊಳ್ಳುವಂತೆ ಸಭಾಂಗಣದವರನ್ನು ಕೇಳಿ. ಒಪ್ಪದಿದ್ದರೆ ಆ ಹಣ ಹೋಯಿತೆಂದುಕೊಳ್ಳಿ, ಮಗಳ ಎದುರು ಮಾತ್ರ ಅದರ ಲೆಕ್ಕ ಎತ್ತಬೇಡಿ.

ಅತ್ತೆಯವರ ಟಿಕೆಟ್ ರದ್ದು ಮಾಡಿಸುವ ಅಗತ್ಯವಿಲ್ಲ. ಅವರು ನವೆಂಬರಿಗೇ ಬರಲಿ; ಅವರು ಬೇಗ ಬಂದಿಳಿಯುವುದಾದರೆ, ಶುಕ್ರವಾರ ರಾತ್ರಿ ಬೆಚ್ಚಗೆ ಶಾಲು ಹೊದಿಸಿ ಫುಟ್‌ಬಾಲ್ ಮೈದಾನಕ್ಕೆ ಕರೆದೊಯ್ದು, ಪಂದ್ಯದ ನಡುವಿನ ವಿರಾಮದಲ್ಲಿ ಕ್ಲಾರಿನೆಟ್ ಹಿಡಿದು ಸಾಲಿನ ಮುಂದೆ ನಡೆಯುವ ಮೊಮ್ಮಗಳನ್ನು ತೋರಿಸಿ. ಜುಲೈಗೆ ಇನ್ನೊಮ್ಮೆ ಬರಲು ಮೈಗೂ ಕೈಗೂ ಅನುಕೂಲವಿಲ್ಲದಿದ್ದರೆ, ಥ್ಯಾಂಕ್ಸ್‌ಗಿವಿಂಗ್ ದಾಟಿ ಅರ್ಜಿ ಹೋದ ಮೇಲೆ ಮನೆಯ ಹಾಲಿನಲ್ಲಿ ಸೋಫಾ ಸರಿಸಿ, ಅಜ್ಜಿಗಾಗಿ ಒಂದು ಪದಂ ನೃತ್ಯವನ್ನೋ ತಿಲ್ಲಾನವನ್ನೋ ಮಾಡಿ ತೋರಿಸುತ್ತೀಯಾ ಎಂದು ಮಗಳನ್ನು ಕೇಳಿ ನೋಡಿ. ಇದನ್ನೆಲ್ಲ ಅವರಿಗೆ ಫೋನ್ ಮಾಡಿ ತಿಳಿಸಬೇಕಾದವರು ನಿಮ್ಮ ಯಜಮಾನರು. ಆ ಕರೆಯನ್ನು ನೀವೂ ಮಾಡಬೇಡಿ, ಮಗಳ ಕೈಯಲ್ಲೂ ಮಾಡಿಸಬೇಡಿ.