ಹೆಸರು ಸಿಕ್ಕಿದ ಕೂಡಲೇ ಫ್ಯಾಮಿಲಿ ಟ್ರೀಗೆ ಅಂಟಿಸಬೇಡಿ, ಮೊದಲು ಹಡಗು ಹುಡುಕಿ

ರೇಖಾ ಮೇಡಂ, ಆ ವಿಲಿಯಂ ಜೋನ್ಸ್‌ನನ್ನು ದಯವಿಟ್ಟು ಇವತ್ತೇ ಟ್ರೀಯಿಂದ ತೆಗೆಯಿರಿ. ನಿಮ್ಮ ಸೊಸೆಯ ಮನೆತನದವನು 1833ರಲ್ಲಿ ಬ್ರಿಟನ್ನಿನಿಂದ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದ ಹೋಬಾರ್ಟ್‌ಗೆ ಗಡೀಪಾರಾಗಿ ಬಂದ, ಓಲ್ಡ್ ಬೇಲಿ ಕೋರ್ಟಿನ ಹಳೇ ದಾಖಲೆಗಳ ಸೈಟಿನಲ್ಲಿ ಅದೇ ಹೆಸರಿನ ಕರ್ಚೀಫ್ ಕಳ್ಳ ಸಿಕ್ಕ, ಅವನೇ ಇವನು ಅಂತ ಬರೆದಿದ್ದೀರಿ. ಇದು ಯಾರದೋ ಮನೆಯ ತಾತನಿಗೆ ನಾವು ಎಡೆ ಇಟ್ಟ ಹಾಗೆ. ಹೆಂಡತಿ ಕಡೆಯವರಿಗಾಗಿ ಹುಡುಕುವಾಗ ನಾನೂ ಇಟ್ಟವನೇ, ಅದಕ್ಕೇ ಇಷ್ಟು ಗಲಾಟೆ.

ಓಲ್ಡ್ ಬೇಲಿ ಲಂಡನ್ ಸುತ್ತಮುತ್ತಲಿನ ಕೋರ್ಟು. ಉಳಿದ ಕಡೆಯ ಕಳ್ಳರ ವಿಚಾರಣೆ ಆಯಾ ಕೌಂಟಿಯ ಅಸೈಜಸ್ ಅಥವಾ ಕ್ವಾರ್ಟರ್ ಸೆಷನ್ಸ್ ಕೋರ್ಟುಗಳಲ್ಲಿ. ಇನ್ನೊಂದು, ಗಡೀಪಾರು ಶಿಕ್ಷೆ ಆಯಿತು ಅಂದ ಮಾತ್ರಕ್ಕೆ ಹಡಗು ಹತ್ತಿದ ಅಂತಲ್ಲ. ಹಲ್ಕ್‌ಗಳಲ್ಲೇ, ಅಂದರೆ ಜೈಲು ಮಾಡಿ ನಿಲ್ಲಿಸಿದ ಹಳೇ ಹಡಗುಗಳಲ್ಲೇ, ಶಿಕ್ಷೆ ಮುಗಿಸಿದವರು ಬೇಕಾದಷ್ಟು ಜನ.

ಹಾಗಾಗಿ ಉಲ್ಟಾ ಬನ್ನಿ. ಇಂಗ್ಲೆಂಡ್ ಬಿಡಿ, ಟ್ಯಾಸ್ಮೇನಿಯಾದಿಂದ ಶುರು ಮಾಡಿ. ಒಂದೇ ಹೆಸರಿನವರು ಜಾಸ್ತಿ ಇದ್ದುದರಿಂದ ಅಲ್ಲಿನ ಗುಮಾಸ್ತರು ಹೆಸರಿನ ಜೊತೆ ಬಂದ ಹಡಗನ್ನೂ ಬರೆಯುತ್ತಿದ್ದರು, ಪೊಲೀಸ್ ನಂಬರನ್ನೂ ಕೊಡುತ್ತಿದ್ದರು. ಅವೆರಡು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಒಂದೇ ಹಡಗು ಬೇರೆ ಬೇರೆ ವರ್ಷ ಬಂದಿರುತ್ತದೆ, ವರ್ಷ ಬಿಡಬೇಡಿ. ಲೈಬ್ರರೀಸ್ ಟ್ಯಾಸ್ಮೇನಿಯಾ ನೇಮ್ ಇಂಡೆಕ್ಸ್‌ನಲ್ಲಿ ಎಲ್ಲ ಫ್ರೀ. ದುಡ್ಡಿನ ಸೈಟುಗಳ ಸದಸ್ಯತ್ವ ಈಗಲೇ ತಗೊಳ್ಳಬೇಡಿ. ಅಲ್ಲಿ ಸೈಟೇ ತಾನಾಗಿ ತೋರಿಸುವ ಹಸಿರು ಎಲೆ ಸುಳಿವು ಅನ್ನೋದು ಮುಕ್ಕಾಲು ಪಾಲು ಇನ್ನೊಬ್ಬರ ಟ್ರೀಯ ತಪ್ಪಿನ ನಕಲು, ನನ್ನ ಅಭಿಪ್ರಾಯ ಅಷ್ಟೇ.

1833ರವನಾದರೆ ಕಾನ್ 31 ನಡತೆ ದಾಖಲೆ, ಕಾನ್ 18 ಮೈಗುರುತಿನ ಪಟ್ಟಿ, ಎರಡನ್ನೂ ತೆಗೆಯಿರಿ (ಕಾನ್ ಅನ್ನೋದು ಅಲ್ಲಿನ ಕೈದಿಗಳ ದಾಖಲೆ ಸರಣಿಯ ನಂಬರ್). ಸುಮ್ನೆ ಇಂಡೆಕ್ಸ್ ಓದಿ ಬರಬೇಡಿ, ಸ್ಕ್ಯಾನ್ ತೆರೆಯಿರಿ. ನಡತೆ ದಾಖಲೆಯಲ್ಲಿ ವಿಚಾರಣೆ ನಡೆದ ಜಾಗ, ಕದ್ದ ಮಾಲು, ಜೈಲು ವರದಿ, ಮದುವೆ ಆಗಿದೆಯಾ ಇಲ್ಲವಾ, ಆಮೇಲೆ ಟ್ಯಾಸ್ಮೇನಿಯಾದಲ್ಲಿ ಕುಡಿದದ್ದಕ್ಕೆ ತಿಂದ ಛಡಿ ಏಟು ಕೂಡ ಇರುತ್ತದೆ. ಮೈಗುರುತಿನಲ್ಲಿ ಬೂಟು ಬಿಚ್ಚಿಸಿ ಅಳೆದ ಎತ್ತರ, ಹುಬ್ಬು, ಗಲ್ಲ, ಗಾಯದ ಕಲೆ, ಹಚ್ಚೆ. ನಾನು ಎಲ್ಲಕ್ಕಿಂತ ನಂಬುವುದು ಹಚ್ಚೆಯನ್ನೇ. ನಮ್ಮವನ ಎಡತೋಳಿನಲ್ಲಿ ಲಂಗರು, ಅದರ ಕೆಳಗೆ ಎರಡಕ್ಷರ. ಊರ ಚರ್ಚಿನ ಪ್ಯಾರಿಷ್ ರಿಜಿಸ್ಟರ್‌ನಲ್ಲಿ ಅವನು ಊರಲ್ಲೇ ಬಿಟ್ಟುಬಂದ ಹೆಂಡತಿಯ ಹೆಸರಿಗೆ ಆ ಅಕ್ಷರ ಕೂಡಿದ ಮೇಲೇ ನಾನು ಒಪ್ಪಿದ್ದು. ವಯಸ್ಸನ್ನು ಮಾತ್ರ ನಂಬಬೇಡಿ. ವಿಧುರ ಅಂದರೂ ನಂಬಬೇಡಿ, ಅಲ್ಲಿ ಇನ್ನೊಂದು ಮದುವೆಗೆ ಸರ್ಕಾರದ ಅನುಮತಿ ಬೇಕಿತ್ತಲ್ವಾ, ಅದಕ್ಕೆ ಹಾಗೆ ಬರೆಸಿದವರಿದ್ದಾರೆ.

ಸಿಡ್ನಿಗೆ ಬಂದ ಕೈದಿಯ ಬಗ್ಗೆ ಮೇಲೆ ಕೇಳಿದವರಿಗೆ ಈ ಕಾನ್ ನಂಬರ್‌ಗಳು ಉಪಯೋಗಕ್ಕೆ ಬಾರವು. ನೀವು 1828ರ ಜನಗಣತಿ ನೋಡಿ, ಹಡಗು, ಬಂದ ವರ್ಷ ಎರಡೂ ಇರುತ್ತವೆ. ಆಮೇಲೆ ಶಿಕ್ಷೆ ಮುಗಿದವರಿಗೆ ಕೊಡುತ್ತಿದ್ದ ಸರ್ಟಿಫಿಕೇಟ್ ಆಫ್ ಫ್ರೀಡಂ, ಅದರಲ್ಲೂ ಮೈಗುರುತು ಸಿಗುತ್ತದೆ. ಐರ್ಲೆಂಡಿನವನಾಗಿದ್ದರೆ ಸ್ವಲ್ಪ ಕಷ್ಟ. 1836ಕ್ಕೆ ಮುಂಚಿನ ಗಡೀಪಾರು ರಿಜಿಸ್ಟರ್‌ಗಳು 1922ರಲ್ಲಿ ಡಬ್ಲಿನ್‌ನಲ್ಲಿ ಸುಟ್ಟುಹೋದವು. ಕ್ಷಮೆ ಕೋರಿ ಬರೆದ ಅರ್ಜಿಗಳು ಉಳಿದಿವೆ, ಅವನ್ನು ಹುಡುಕಿ. ಓಡಿಹೋದವನು ಅನ್ನೋ ಅನುಮಾನ ಇದ್ದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಸೈಟಿನಲ್ಲಿ ಹಳೇ ಪೇಪರ್‌ಗಳನ್ನೂ ಜಾಲಾಡಿ, ಹೆಸರಿನ ಬದಲು ಹಡಗಿನ ಹೆಸರು ಹಾಕಿ ನೋಡಿ.

ಮೇಡಂ, ಕಾನ್ 31 ಪುಟ ಸಿಕ್ಕರೆ ಇಲ್ಲೇ ಹಾಕಿ. ಆ ಕೈಬರಹ ಮೊದಮೊದಲು ಯಾರಿಗೂ ಅರ್ಥವಾಗಲ್ಲ, ನಾನು ಓದಿ ಹೇಳುತ್ತೇನೆ.