ಹಳೆ ಯಾಟ್ ಕೊಂಡು ಬಾಡಿಗೆಗೂ ಬಿಡಬಹುದೇ? ಹೊಸ ಕಾನೂನಿನಿಂದ ನೋಂದಣಿ ಸುಲಭವಾಗಿದೆಯೇ?

ನೀವು ಕೇಳಿರುವುದು ಇಷ್ಟು: ಗೋವಾದಲ್ಲಿ 38 ಅಡಿಯ ಹಳೆ ಯಾಟ್, ಅಂದರೆ ವಿಹಾರದ ದೋಣಿ, ಮಾರಾಟಕ್ಕಿದೆ. ಮನೆಯವರ ಜೊತೆ ಸುತ್ತಾಡಲೂ ಬೇಕು, ಸೀಸನ್‌ನಲ್ಲಿ ಬಾಡಿಗೆಗೂ ಬಿಡಬೇಕು. ಕಾನೂನು ಬದಲಾಗಿದೆಯಂತೆ, ಈಗ ನೋಂದಣಿ ಸುಲಭವೇ?

ಕರಾವಳಿಯಲ್ಲಿ ದೋಣಿಗಳ ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕೆಲಸ. ನದಿಯಲ್ಲಿ ಓಡಿಸುವವರಿಗೆ ನೋಂದಣಿ ಸ್ವಲ್ಪ ಸುಲಭವಾಗಿದೆ, ನಿಜ. ಆದರೆ ನಿಮ್ಮಂಥವರ ಮುಖ್ಯ ತೊಂದರೆ, ಅಂದರೆ ಸ್ವಂತ ಬಳಕೆಗೂ ಬಾಡಿಗೆಗೂ ಬೇರೆ ಬೇರೆ ನಿಯಮ ಇರುವುದು, ಹಾಗೇ ಉಳಿದಿದೆ.

ಮೊದಲು ಎಲ್ಲಿ ಓಡಿಸುತ್ತೀರಿ ಅಂತ ತೀರ್ಮಾನ ಮಾಡಿ. ಮಾಂಡೋವಿ ನದಿಯೊಳಗೇ ಸುತ್ತುವುದಾದರೆ ಒಳನಾಡು ಹಡಗುಗಳ ಕಾಯ್ದೆ, ಕಚೇರಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್. ಅಳಿವೆ ದಾಟಿ ಕಡಲಿಗೆ ಹೋಗುವುದಾದರೆ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ, ಅದನ್ನು ನೋಡಿಕೊಳ್ಳುವುದು ಕೇಂದ್ರದ ಮರ್ಕಂಟೈಲ್ ಮರೀನ್ ಡಿಪಾರ್ಟ್‌ಮೆಂಟ್. ಎಂಎಂಡಿ ಅಂತಾರಲ್ಲ, ಅದು. ಮಾರುವವರು "ಪೇಪರ್ ಎಲ್ಲಾ ಕ್ಲಿಯರ್ ಇದೆ ಸಾರ್" ಅಂದರೆ ಯಾವ ಕಾಯ್ದೆಯ ಪೇಪರ್ ಅಂತ ಕೇಳಿ. ನದಿಯ ಪೇಪರ್ ಇಟ್ಟುಕೊಂಡು ಕಡಲಿಗೆ ಇಳಿದು ಏನಾದರೂ ಆದರೆ ವಿಮೆ ಕಂಪನಿ ಕೈ ತೊಳೆದುಕೊಳ್ಳುತ್ತದೆ.

ನದಿಯ ಕಡೆ ಸುಧಾರಣೆ ಚೆನ್ನಾಗಿಯೇ ಆಗಿದೆ. 1917ರ ಕಾಯ್ದೆ ತೆಗೆದು 2021ರಲ್ಲಿ ಹೊಸದು ತಂದರು. ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ ಇತ್ತು, ಇನ್ನೊಂದು ರಾಜ್ಯದ ನೀರಿಗೆ ಹೋಗಬೇಕಾದರೆ ಮತ್ತೆ ಅನುಮತಿ ಬೇಕಿತ್ತು. ಈಗ ಗೋವಾದಲ್ಲಿ ಆದ ನೋಂದಣಿ ಕಾಳಿ ನದಿಯಲ್ಲೂ ನಡೆಯುತ್ತದೆ. ಎಲ್ಲ ಹಡಗುಗಳ ವಿವರ ಕೇಂದ್ರದ ಒಂದೇ ಪಟ್ಟಿಗೆ ಸೇರುತ್ತದೆ. ವಿಮೆ ಕಡ್ಡಾಯ.

ಕಡಲಿನ ಕಡೆ 1958ರ ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ಪಾಸು ಮಾಡಿತು. ಹಳೆಯದರಲ್ಲಿ ಭಾರತದ ಕರಾವಳಿಯಲ್ಲಷ್ಟೇ ಓಡುವ, 15 ನೆಟ್ ಟನ್ (ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ) ಮೀರದ ಹಡಗಿಗೆ ನೋಂದಣಿ ಬೇಕಿರಲಿಲ್ಲ. ಹೊಸದರಲ್ಲಿ ಆ ವಿನಾಯಿತಿ ಇಲ್ಲ, ಅಳತೆ ಎಷ್ಟೇ ಇರಲಿ, ಹಾಯಿ ಇರಲಿ ಇಂಜಿನ್ ಇರಲಿ, ನೋಂದಣಿ ಬೇಕು. ನಿಮ್ಮ ಅಳತೆಯ ಯಾಟ್‌ಗೆ ಇದೇ ದೊಡ್ಡ ಬದಲಾವಣೆ. ಚಾರ್ಟರ್ ಕಂಪನಿಗಳಿಗೂ, ಅಂದರೆ ದೋಣಿ ಬಾಡಿಗೆಗೆ ಓಡಿಸುವ ಕಂಪನಿಗಳಿಗೂ, ಒಂದು ಲಾಭ ಇದೆ: ವಿದೇಶಿ ಹಡಗನ್ನು ಬಾಡಿಗೆಗೆ ಪಡೆದು, ಓಡಿಸುತ್ತಾ ಕಂತು ಕಟ್ಟಿ, ಕೊನೆಗೆ ಸ್ವಂತ ಮಾಡಿಕೊಳ್ಳುವ ಒಪ್ಪಂದವಿದ್ದರೆ ಮೊದಲೇ ಭಾರತದ ಧ್ವಜದಡಿ ನೋಂದಾಯಿಸಬಹುದು. ಒಬ್ಬ ಮಾಲೀಕರಿಗೆ ಇದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ.

ಈಗ ಬಾಡಿಗೆಯ ವಿಷಯ. ಕಾರಿಗೆ ಬಿಳಿ ಬೋರ್ಡ್, ಹಳದಿ ಬೋರ್ಡ್ ಇರುವ ಹಾಗೆ ಇಲ್ಲೂ ಸ್ವಂತದ್ದು ಬೇರೆ, ಬಾಡಿಗೆಯದು ಬೇರೆ. ದುಡ್ಡು ತೆಗೆದುಕೊಂಡು ಒಬ್ಬರನ್ನು ಹತ್ತಿಸಿಕೊಂಡರೂ ಸರ್ವೆ (ದೋಣಿಯ ಸುರಕ್ಷತಾ ತಪಾಸಣೆ), ಸಿಬ್ಬಂದಿಯ ಅರ್ಹತಾ ಪತ್ರ, ಲೈಫ್ ಜಾಕೆಟ್ ಲೆಕ್ಕ ಎಲ್ಲಾ ಬದಲಾಗುತ್ತದೆ. 12ಕ್ಕಿಂತ ಜಾಸ್ತಿ ಪ್ರಯಾಣಿಕರಾದರೆ ಅದು ಪ್ಯಾಸೆಂಜರ್ ಹಡಗು, ನಿಯಮ ಇನ್ನೂ ಬಿಗಿ. ಇದನ್ನು ಸುಮ್ನೆ ಕಿರಿಕಿರಿ ಅಂದುಕೊಳ್ಳಬೇಡಿ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮಗುಚಿದ್ದು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ ಮೀನುಗಾರಿಕೆ ದೋಣಿ. 22 ಜನ ಸತ್ತರು.

ಸುರಕ್ಷತೆ ಸಡಿಲ ಮಾಡಿ ಅಂತ ನಾನು ಹೇಳಲ್ಲ. ಆದರೆ ನೋಂದಣಿಯನ್ನೂ ಸುರಕ್ಷತೆಯನ್ನೂ ಬೇರೆ ಬೇರೆ ಮಾಡಬಹುದಲ್ವಾ? ಬ್ರಿಟನ್‌ನಲ್ಲಿ 24 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಸ್ಮಾಲ್ ಶಿಪ್ಸ್ ರಿಜಿಸ್ಟರ್ ಅಂತಲೇ ಇದೆ. ಆನ್‌ಲೈನ್ ಅರ್ಜಿ, ಐದು ವರ್ಷದ ಅವಧಿ. ಅದು ಮಾಲೀಕತ್ವಕ್ಕೆ ಪುರಾವೆ ಆಗಲ್ಲ, ಅದರ ಮೇಲೆ ಸಾಲದ ಅಡಮಾನವನ್ನೂ ದಾಖಲಿಸಲಾಗುವುದಿಲ್ಲ. ಅದು ಬೇಕಿದ್ದವರು ಮುಖ್ಯ ರಿಜಿಸ್ಟರ್‌ಗೆ ಹೋಗುತ್ತಾರೆ. ಬಾಡಿಗೆಗೆ ಬಿಡುವವರಿಗೆ ಸುರಕ್ಷತೆಯ ಪರೀಕ್ಷೆ ಪ್ರತ್ಯೇಕ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಮಾರ್ಷಲ್ ದ್ವೀಪಗಳ ವ್ಯವಸ್ಥೆ. ಅಲ್ಲಿ ನೋಂದಾಯಿಸಿದ ದೊಡ್ಡ ಖಾಸಗಿ ಯಾಟ್, ಖಾಸಗಿಯಾಗಿಯೇ ಇದ್ದುಕೊಂಡು, ವರ್ಷಕ್ಕೆ 84 ದಿನದವರೆಗೆ ಫ್ರಾನ್ಸ್‌ನಂಥ ಕಡೆ ಬಾಡಿಗೆಗೆ ಹೋಗಬಹುದು. ಷರತ್ತು ಒಂದೇ ಅಲ್ಲ: ವಾಣಿಜ್ಯ ಯಾಟ್‌ನ ಸುರಕ್ಷತಾ ನಿಯಮ ಪಾಲಿಸಬೇಕು, ತೆರಿಗೆಯನ್ನೂ ಕಟ್ಟಬೇಕು. ನಮ್ಮಲ್ಲೂ ಚಿಕ್ಕ ಮಾಲೀಕರಿಗೆ ಇಂಥ ದಿನದ ಮಿತಿ ಇಟ್ಟರೆ ಕದ್ದುಮುಚ್ಚಿ ಬಾಡಿಗೆಗೆ ಬಿಡುವವರು ತಾವಾಗಿಯೇ ಸರ್ವೆಗೆ ಬರುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಅಲ್ಲಿಯವರೆಗೆ ನೀವು ಮೊದಲ ದಿನದಿಂದಲೇ ಬಾಡಿಗೆ ಬಳಕೆಗೆ ಅಂತ ನೋಂದಾಯಿಸಿ. ಖರ್ಚು ಜಾಸ್ತಿ, ಆದರೆ ಆಮೇಲೆ ಬದಲಾಯಿಸುವ ತಾಪತ್ರಯ ಇರಲ್ಲ. ಯಾಟ್ ವಿದೇಶದಿಂದ ಬಂದಿದ್ದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ), ಹಿಂದಿನ ದೇಶದ ರಿಜಿಸ್ಟರ್‌ನಿಂದ ತೆಗೆದುಹಾಕಿದ ಡಿಲೀಶನ್ ಸರ್ಟಿಫಿಕೇಟ್, ಈ ಎರಡೂ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.